ಗೂಬೆ ಕಕ್ಕಿದ ಉಂಡೆಗೆ ಒಂದು ಪದ ಬೇಕು. ಜೊತೆಗೆ ಕಡ, ಎರವಲು, ಪುಕ್ಕ

ಎಲ್ಲರಿಗೂ ನಮಸ್ಕಾರ. ನಾಲ್ಕೈದು ಪದಗಳ ಬಗ್ಗೆ ಕೇಳುವುದಿದೆ. ಎಲ್ಲವೂ ಒಂದೇ ಪೆಟ್ಟಿಗೆಯಿಂದ ಹೊರಬಿದ್ದವು, ಹಾಗಾಗಿ ಮೊದಲು ಪೆಟ್ಟಿಗೆಯ ವಿಷಯ ಹೇಳಿಬಿಡುತ್ತೇನೆ.

ನಾನು ಶಿಕಾಗೋ ಹತ್ತಿರದ ಒಂದು ಊರಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತೇನೆ. 11 ಮಕ್ಕಳು. ಎಲ್ಲರೂ ಇಲ್ಲೇ ಹುಟ್ಟಿದವರು, ಕನ್ನಡ ಅರ್ಥವಾಗುತ್ತೆ, ಮಾತಾಡು ಅಂದರೆ ಸುಮ್ಮನಾಗುತ್ತಾರೆ. ಬರೀ ಅ ಆ ಇ ಈ ತಿದ್ದಿಸಿದರೆ ಆಗಲ್ಲ, ಕೈಯಲ್ಲಿ ಹಿಡಿಯೋಕೆ ಏನಾದರೂ ಕೊಟ್ಟರೆ ಮಾತು ತಾನಾಗಿ ಬರುತ್ತೆ ಅನ್ನಿಸಿ, ಮನೆ ಹತ್ತಿರದ ನಿಸರ್ಗ ಕೇಂದ್ರದಿಂದ ಹಕ್ಕಿಗಳ ಪೆಟ್ಟಿಗೆಯೊಂದನ್ನು ಎರಡು ವಾರಕ್ಕೆ ತಂದೆ. ಇಲ್ಲಿ ಶಾಲೆಗಳಿಗೆ ಹೀಗೆ ಪೆಟ್ಟಿಗೆ ಕೊಡುವುದು ಹಳೇ ಪದ್ಧತಿ. ಶಿಕಾಗೋದ ಫೀಲ್ಡ್ ಮ್ಯೂಸಿಯಂ 1912ರಲ್ಲೇ ಶುರು ಮಾಡಿತ್ತು. ನಾರ್ಮನ್ ವೇಟ್ ಹ್ಯಾರಿಸ್ ಎಂಬ ಬ್ಯಾಂಕಿನ ಯಜಮಾನರು ಇದಕ್ಕೇ ಅಂತ 2,50,000 ಡಾಲರ್ ಕೊಟ್ಟಿದ್ದರು. ಗಾಜಿನ ಮುಖದ ಮರದ ಪೆಟ್ಟಿಗೆಗಳೊಳಗೆ ಹಕ್ಕಿ, ಗೂಡು, ಹುಲ್ಲು ಎಲ್ಲ ಜೋಡಿಸಿ ಶಾಲೆಯಿಂದ ಶಾಲೆಗೆ ಕಳಿಸುತ್ತಿದ್ದರು. ನಾನು ತಂದದ್ದು ಅಷ್ಟು ಚೆಂದದ್ದಲ್ಲ, ನೀಲಿ ಪ್ಲಾಸ್ಟಿಕ್ ಡಬ್ಬ. ಆದರೆ ಒಳಗಿರುವುದನ್ನೆಲ್ಲಾ ಮುಟ್ಟಬಹುದು. ಎರಡು ರೆಕ್ಕೆ, ನಾಲ್ಕು ತಲೆಬುರುಡೆ, ಕಾಲುಗುರುಗಳ ಅಚ್ಚು, ಬಣ್ಣ ಬಳಿದ ಸುಳ್ಳು ಮೊಟ್ಟೆಗಳು, ಗರಿಗಳು, ಮತ್ತೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಆರು ಗೂಬೆ ಉಂಡೆಗಳು.

ಒಂದೊಂದು ವಸ್ತುವಿಗೂ ಇಂಗ್ಲಿಷಿನ ಚೀಟಿ ಇದೆ. ನಾವು ಕನ್ನಡದ ಚೀಟಿ ಮಾಡಿಕೊಟ್ಟರೆ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿನವರು ಒಪ್ಪಿದ್ದಾರೆ. ನನಗೆ ಇದು ಸಣ್ಣ ವಿಷಯವೇ ಅಲ್ಲ. ಇನ್ನು ಮುಂದೆ ಯಾವ ಕನ್ನಡದ ಮಗು ಆ ಡಬ್ಬ ತೆರೆದರೂ ಕನ್ನಡ ಕಾಣುತ್ತದೆ. ಹಾಗಾಗಿ ತಪ್ಪು ಪದ ಬರೆಯಬಾರದು ಅಂತ ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ಕಡ ಮತ್ತು ಎರವಲು. ತಂದೆತಾಯಿಯರಿಗೆ ಕಳಿಸಿದ ಸಂದೇಶದಲ್ಲಿ ನಾನು "ಎರಡು ವಾರಕ್ಕೆ ಕಡ ತಂದ ಹಕ್ಕಿ ಪೆಟ್ಟಿಗೆ, ಜೋಪಾನ" ಎಂದು ಬರೆದಿದ್ದೆ. ಸಾಲ ಅಂದರೆ ಬಡ್ಡಿ ನೆನಪಾಗುತ್ತೆ, ಬಾಡಿಗೆ ಅನ್ನೋಕೆ ನಾವು ದುಡ್ಡು ಕೊಟ್ಟಿಲ್ಲ, ಅದಕ್ಕೆ ಕಡ. ಒಬ್ಬ ಹುಡುಗಿಯ ಅಜ್ಜಿ ಹಾಸನದ ಕಡೆಯಿಂದ ಬಂದು ಮಗನ ಮನೆಯಲ್ಲಿದ್ದಾರೆ. ತರಗತಿಗೂ ಮೊಮ್ಮಗಳ ಜೊತೆ ಬಂದು ಹಿಂದಿನ ಸಾಲಲ್ಲಿ ಕೂರುತ್ತಾರೆ. ಅವರು ಸಂದೇಶ ಓದಿಸಿಕೊಂಡು ನನ್ನನ್ನು ಕರೆದು, "ಕಡ ಅಂದ್ರೆ ಅದಲ್ಲ ಕಣಮ್ಮ. ಪಕ್ಕದ ಮನೇಲಿ ಒಂದು ಲೋಟ ಸಕ್ಕರೆ ಕಡ ತರ್ತೀವಿ. ಅದನ್ನ ಕಾಫಿಗೆ ಹಾಕ್ಕೊಂಡು ಕುಡಿದುಬಿಡ್ತೀವಿ. ಆಮೇಲೆ ಬೇರೆ ಸಕ್ಕರೆ ಅಳೆದು ವಾಪಸ್ ಕೊಡ್ತೀವಿ. ಮದುವೆಗೆ ಅಂತ ತಂಗಿ ಸರ ಹಾಕ್ಕೊಂಡು ಹೋದ್ರೆ ಅದು ಎರವಲು. ಅದೇ ಸರ ವಾಪಸ್ ಹೋಗಬೇಕು, ಅಂಥದೇ ಇನ್ನೊಂದು ಆಗಲ್ಲ" ಅಂದರು.

ನಾನು ನಲವತ್ತು ವರ್ಷದಿಂದ ಈ ಎರಡು ಪದ ಬಳಸುತ್ತಿದ್ದೇನೆ. ಈ ವ್ಯತ್ಯಾಸ ಒಂದು ದಿನವೂ ಹೊಳೆದಿರಲಿಲ್ಲ. ಅಜ್ಜಿ ಹೇಳಿದ ಮೇಲೆ ಎಲ್ಲ ಕಡೆ ಅದೇ ಕಾಣುತ್ತಿದೆ. ಕೈಗಡ ತಂದ ನೂರು ರೂಪಾಯಿಗೆ ಅದೇ ನೋಟು ವಾಪಸ್ ಕೊಡಬೇಕಿಲ್ಲ. ಲೈಬ್ರರಿಯ ಪುಸ್ತಕ ಎರವಲು, ಅದೇ ಪುಸ್ತಕ ಹೋಗಬೇಕು. ಒಂದು ಇಲಾಖೆಯ ನೌಕರರು ಇನ್ನೊಂದು ಇಲಾಖೆಗೆ ಹೋದರೆ ಎರವಲು ಸೇವೆ, ಅದೇ ಮನುಷ್ಯ ವಾಪಸ್ ಬರಬೇಕು. ಆದರೆ ಎರವಲು ಪದ ಅನ್ನುತ್ತೇವಲ್ಲ, ಅದು ಮಾತ್ರ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಯಾಕೆಂದರೆ ಬೇರೆ ಭಾಷೆಯಿಂದ ತಂದ ಪದವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಈಗ ನಮ್ಮ ಪೆಟ್ಟಿಗೆಗೆ ಬನ್ನಿ. ರೆಕ್ಕೆ, ಬುರುಡೆ, ಮೊಟ್ಟೆ ಎಲ್ಲ ಹಾಗೇ ವಾಪಸ್ ಹೋಗಬೇಕು. ಅವು ಎರವಲು. ಗೂಬೆ ಉಂಡೆಗಳನ್ನು ಮಕ್ಕಳು ಬಿಡಿಸಿ ನೋಡಿದ ಮೇಲೆ ಅವು ಮುಗಿದವು, ಅಷ್ಟೇ ಹೊಸ ಉಂಡೆ ಕೊಂಡು ಇಟ್ಟು ಕಳಿಸಬೇಕು. ಅಂದರೆ ಅವು ಅಜ್ಜಿಯ ಸಕ್ಕರೆ ಇದ್ದ ಹಾಗೆ, ಕಡ! ಒಂದೇ ಡಬ್ಬದಲ್ಲಿ ಎರಡೂ ಇವೆ. ಇಂಗ್ಲಿಷಿನ ಪಟ್ಟಿಯಲ್ಲಿ ಇದನ್ನು ವಿವರಿಸೋಕೆ ಅರ್ಧ ಪುಟ ಹಿಡಿದಿದೆ. ನಾನು ಪಟ್ಟಿಯನ್ನು ಎರಡು ಭಾಗ ಮಾಡಿ ಒಂದರ ಮೇಲೆ ಎರವಲು, ಇನ್ನೊಂದರ ಮೇಲೆ ಕಡ ಎಂದು ಬರೆದೆ, ಕೆಲಸ ಮುಗಿಯಿತು.

ಕೇಳುವುದು ಏನೆಂದರೆ, ಈ ವ್ಯತ್ಯಾಸ ನಿಮ್ಮ ಸೀಮೆಯಲ್ಲೂ ಇದೆಯೇ? ನಮ್ಮ ಮನೆಯಲ್ಲಿ ಎರಡಕ್ಕೂ "ಇಸ್ಕೊಂಡು ಬಾ" ಅನ್ನುತ್ತಿದ್ದರು, ಅದರಲ್ಲಿ ವಾಪಸ್ ಕೊಡುವ ಮಾತೇ ಇಲ್ಲ ಅಲ್ವಾ. ಧಾರವಾಡದ ಕಡೆಯವರ ಉದ್ರಿ ಬರೀ ಅಂಗಡಿ ಬಾಕಿಗೋ, ಸಕ್ಕರೆಗೂ ಸಲ್ಲುತ್ತದೋ? ಕರಾವಳಿಯವರು, ಮಲೆನಾಡಿನವರು ದಯವಿಟ್ಟು ಹೇಳಿ.

ಇನ್ನು ಗರಿ ಮತ್ತು ಪುಕ್ಕ. ಪೆಟ್ಟಿಗೆಯಲ್ಲಿ ಮೂರು ಥರದ್ದು ಇವೆ. ರೆಕ್ಕೆಯ ಉದ್ದನೆಯ, ನಡುವೆ ಗಟ್ಟಿ ಕಡ್ಡಿ ಇರುವುದು. ಬಾಲದ್ದು. ಮತ್ತೆ ಮೈಗಂಟಿಕೊಂಡಿರುವ, ಊದಿದರೆ ಹಾರಿಹೋಗುವಷ್ಟು ಮೆತ್ತಗಿನದು. ನಾನು ಮೊದಲನೆಯದಕ್ಕೆ ಗರಿ, ಎರಡನೆಯದಕ್ಕೆ ಪುಕ್ಕ, ಮೂರನೆಯದಕ್ಕೆ ತುಪ್ಪುಳು ಎಂದು ಬರೆದಿದ್ದೇನೆ. ಕಡ್ಡಿ ಇರುವುದೇ ಗರಿ ಎಂದು ನನ್ನ ಕಿವಿ ಹೇಳುತ್ತದೆ. ತೆಂಗಿನ ಗರಿಗೂ ಕಡ್ಡಿ ಇದೆ. ಹುಂಜಕ್ಕೆ ಪುಕ್ಕ ಅನ್ನುತ್ತೇವೆ. ಆದರೆ ನವಿಲಿಗೆ ಬಂದಾಗ ಈ ಲೆಕ್ಕ ತಪ್ಪುತ್ತದೆ. ಅದು ಹಿಂಭಾಗದ್ದೇ, ಆದರೂ ನವಿಲುಗರಿ ಅನ್ನುತ್ತೇವೆ, ನವಿಲುಪುಕ್ಕ ಎಂದು ಯಾರ ಬಾಯಲ್ಲೂ ಕೇಳಿಲ್ಲ. ತುಪ್ಪುಳು ಅಂದರೆ ಕೆಲವರು ಕುರಿ, ಮೊಲದ ಕೂದಲು ಅಂದುಕೊಳ್ಳುತ್ತಾರೆ. ಹಕ್ಕಿಗೂ ಸಲ್ಲುತ್ತದೆ ಎಂದು ಬಳಸಿದವರು ಇದ್ದರೆ ನನಗೆ ಧೈರ್ಯ ಬರುತ್ತದೆ.

ಗರಿಯ ಎಳೆಗಳನ್ನು ಬೆರಳಿನಿಂದ ಬಿಡಿಸಿದರೆ ನಡುವೆ ಸೀಳು ಬೀಳುತ್ತದೆ. ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸವರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಬ್ಬ ಹುಡುಗ ಹತ್ತು ಸಲ ಬಿಡಿಸಿ, ಹತ್ತು ಸಲ ಸವರಿ, "ಮಿಸ್, ಇದು ಹೊಲಿಗೆ ಹಾಕ್ಕೊಳ್ಳುತ್ತೆ!" ಅಂದ. ಹೊಲಿಗೆ ಎಂಬ ಪದ ಅವನಿಗೆ ಗೊತ್ತಿತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಅವನಿಗೆ ಆ ಗರಿ ಮನೆಗೆ ಬೇಕು ಅನ್ನಿಸಿತು. ಕೊಡೋಕಾಗಲ್ಲ. ಇಲ್ಲಿ 1918ರ ಕಾಯ್ದೆ ಪ್ರಕಾರ ಈ ದೇಶದ ವಲಸೆ ಹಕ್ಕಿಗಳ ಗರಿಯನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ನೆಲದ ಮೇಲೆ ಬಿದ್ದು ಸಿಕ್ಕಿದರೂ ಇಲ್ಲ. ಆಗ ಹೆಂಗಸರ ಟೋಪಿಗೆ ಸಿಕ್ಕಿಸೋಕೆ ಅಂತ ಲೆಕ್ಕವಿಲ್ಲದಷ್ಟು ಹಕ್ಕಿ ಕೊಲ್ಲುತ್ತಿದ್ದರು. ಆದರೆ ಗುಬ್ಬಚ್ಚಿಗೆ ಈ ಕಾಯ್ದೆ ಇಲ್ಲ, ಯಾಕೆಂದರೆ ಅದು ಈ ನೆಲದ್ದಲ್ಲ, 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟದ್ದು. ನಮ್ಮ ಊರಿನ ಅದೇ ಗುಬ್ಬಚ್ಚಿ. ಮುಂದಿನ ವಾರ ಅವನು ಅಂಗಳದಲ್ಲಿ ಸಿಕ್ಕಿದ ಗುಬ್ಬಿ ಗರಿಯೊಂದನ್ನು ಕನ್ನಡ ನೋಟ್‌ಬುಕ್‌ನ ನಡುವೆ ಇಟ್ಟುಕೊಂಡು ಬಂದಿದ್ದ.

ರೆಕ್ಕೆಗಳ ಬಗ್ಗೆ ಪದದ ತೊಂದರೆ ಇಲ್ಲ. ಆದರೂ ಒಂದು ಮಾತು ಹೇಳಬೇಕು. ಒಂದು ಹೆಬ್ಬಾತಿನ ರೆಕ್ಕೆ, ಇನ್ನೊಂದು ಇಲ್ಲಿನ ದೊಡ್ಡ ಕೊಂಬಿನ ಗೂಬೆಯದು. ಕಣ್ಣು ಮುಚ್ಚಿಸಿ ಕಿವಿ ಹತ್ತಿರ ಬೀಸಿದೆ. ಹೆಬ್ಬಾತಿನದಕ್ಕೆ ಮಕ್ಕಳೇ "ಬರ್ ಬರ್" ಅಂದರು, ಅಜ್ಜಿ "ಪಟಪಟ" ಅಂದರು. ಗೂಬೆಯದು ಬೀಸಿದಾಗ ಕೆನ್ನೆಗೆ ಗಾಳಿ ತಾಗಿತು, ಸದ್ದಿಲ್ಲ. ಗೂಬೆ ಗರಿಯ ಮುಂದಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಎಳೆಗಳಿವೆ, ಅವು ಗಾಳಿಯ ಸದ್ದನ್ನು ಮುರಿಯುತ್ತವೆ. ನಮ್ಮಲ್ಲಿ ಸದ್ದಿಗೆ ಎಷ್ಟೊಂದು ಜೋಡಿ ಪದಗಳಿವೆ. ಸದ್ದಿಲ್ಲದೆ ಹಾರಿಹೋಗುವುದಕ್ಕೆ ಅಂಥದೊಂದು ಪದ ಯಾರಿಗಾದರೂ ನೆನಪಿದೆಯೇ? "ಸುಯ್" ಕೂಡ ಇಲ್ಲಿ ಜಾಸ್ತಿಯಾಯಿತು.

ಈಗ ಮುಖ್ಯ ಪ್ರಶ್ನೆ. ಗೂಬೆ ಇಲಿಯನ್ನು ಅಗಿಯುವುದಿಲ್ಲ, ಸಣ್ಣದಿದ್ದರೆ ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ. ಮೂಳೆ, ಹಲ್ಲು, ಕೂದಲು ಕರಗುವುದಿಲ್ಲ. ಅವೆಲ್ಲ ಹೊಟ್ಟೆಯ ಗಟ್ಟಿ ಚೀಲದಲ್ಲಿ ಒತ್ತಿಕೊಂಡು ಒಂದು ಗಂಟಾಗಿ, ಕೆಲವು ಗಂಟೆಗಳ ಮೇಲೆ ಬಾಯಿಂದ ಹೊರಬೀಳುತ್ತದೆ. ಹೆಬ್ಬೆರಳಿನಷ್ಟು ಉದ್ದ, ಬೂದು ಬಣ್ಣ, ಒಣಗಿದ ಮೇಲೆ ಹಗುರ. ಶಾಲೆಗೆ ಕೊಡುವವನ್ನು ಬಿಸಿಯಲ್ಲಿ ಇಟ್ಟು ಶುದ್ಧ ಮಾಡಿರುತ್ತಾರೆ, ವಾಸನೆ ಇರುವುದಿಲ್ಲ.

ನಾನು ತಯಾರಾಗಿ ಹೋಗಿರಲಿಲ್ಲ. ಉಂಡೆ ಕೈಗೆ ಕೊಟ್ಟು "ಇದು ಗೂಬೆ ಕಕ್ಕಿದ್ದು" ಅಂದೆ. ಏಳು ವರ್ಷದ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡು "ಕಕ್ಕಾನಾ?" ಅಂದಳು. ಅವಳಿಗೆ ಗೊತ್ತಿದ್ದದ್ದು ಮನೆಯಲ್ಲಿ ತಮ್ಮನಿಗೆ ಹೇಳುವ ಕಕ್ಕ. "ಕಕ್ಕ ಅಲ್ಲ, ಕಕ್ಕಿದ್ದು. ಬಾಯಿಂದ" ಎಂದು ಗಂಟಲು ಮುಟ್ಟಿ ತೋರಿಸಿದೆ. ಅವಳು ಒಂದು ಕ್ಷಣ ಯೋಚಿಸಿ, "ತಮ್ಮ ಹಾಲು ಕಕ್ತಾನಲ್ಲ, ಹಾಗಾ?" ಅಂದಳು. ಹೌದು, ಹಾಗೇ. ಆಮೇಲೆ ಉಂಡೆ ಬಿಡಿಸುವುದರಲ್ಲಿ ಅವಳೇ ಮುಂದು. ಕಡ್ಡಿಯಲ್ಲಿ ಕೂದಲು ಕೆದಕಿ, ಅಕ್ಕಿಕಾಳಿನಷ್ಟು ದವಡೆಯೊಂದನ್ನು ತೆಗೆದು ಕಪ್ಪು ಕಾಗದದ ಮೇಲೆ ಇಟ್ಟಳು. ಹಲ್ಲಿನ ತುದಿ ಕೆಂಪಗಿತ್ತು. ಅದು ಸೊಂಡಿಲಿಯ ದವಡೆ, ಇಲ್ಲಿನ ಸೊಂಡಿಲಿಗಳ ಹಲ್ಲು ಹಾಗಿರುತ್ತದೆ. ಪಕ್ಕದವಳ ಉಂಡೆಯಲ್ಲಿ ವೋಲ್ ಎಂಬ ಗಿಡ್ಡ ಬಾಲದ ಹೊಲದ ಇಲಿಯ ಬುರುಡೆ, ದವಡೆ ಹಲ್ಲಿನ ಮೇಲೆ ಅಂಕುಡೊಂಕು ಗೆರೆ.

ಹೀಗೆ ಕಕ್ಕುಂಡೆ ಎಂಬ ಪದ ಕೈಬಿಟ್ಟೆ. ಕಕ್ಕು ಒಳ್ಳೆಯ ಕನ್ನಡ, ಅರ್ಥವೂ ಸರಿ, ಆದರೆ ಮಕ್ಕಳ ಕಿವಿಗೆ ಬೇರೆಯೇ ಕೇಳಿಸುತ್ತದೆ. ಕಾರುಂಡೆ ಅಂದರೆ ಖಾರದ ಉಂಡೆ ಆಗುತ್ತದೆ, ಇಲ್ಲವೇ ರಸ್ತೆಯ ಕಾರು. ಹಿಕ್ಕೆ ಅಂತೂ ಪೂರ್ತಿ ತಪ್ಪು, ಅದು ಹಿಂದಿನಿಂದ ಬರುವುದು. ಗುಳಿಗೆ ಅಂದರೆ ನುಂಗುವ ಮಾತ್ರೆ. ನನಗೆ ಸದ್ಯಕ್ಕೆ ಒಗ್ಗಿರುವುದು ಉಗುಳುಂಡೆ. ಉಗುಳುವುದು ಎಂಜಲನ್ನಷ್ಟೇ ಅಲ್ಲ, ಮಾವಿನ ಓಟೆ ಉಗುಳುತ್ತೇವೆ, ಕಬ್ಬಿನ ಸಿಪ್ಪೆ ಉಗುಳುತ್ತೇವೆ. ಬೇಕಾದ್ದು ಒಳಗೆ, ಬೇಡದ್ದು ಹೊರಗೆ. ಗೂಬೆ ಮಾಡುವುದೂ ಅದನ್ನೇ ಅಲ್ವಾ. ಆದರೆ ಉಂಡೆ ಅಂದಕೂಡಲೇ ತಂಬಿಟ್ಟು, ಚಿಗಳಿ ನೆನಪಾಗುತ್ತದೆ ಎಂದು ಒಬ್ಬ ತಾಯಿ ಮುಖ ಸಿಂಡರಿಸಿದರು. ಹಾಗಾದರೆ ಉಗುಳುಗಂಟು? ಮಿಂಚುಳ್ಳಿಯೂ ಮೀನಿನ ಮೂಳೆಯನ್ನು ಹೀಗೇ ಹೊರಹಾಕುತ್ತದೆ, ಹದ್ದು ಜಾತಿಯವೂ ಹಾಗೇ. ಹಾಗಾಗಿ ಪದದಲ್ಲಿ ಗೂಬೆ ಇರಬಾರದು ಎಂದು ನನ್ನ ಆಸೆ.

ಇದರಲ್ಲಿ ನನ್ನನ್ನು ಕಾಡುವುದು ಇನ್ನೊಂದಿದೆ. ತಾಯಿ ಹಕ್ಕಿ ಮರಿಯ ಬಾಯಿಗೆ ಇಡುವುದಕ್ಕೆ ನಮ್ಮಲ್ಲಿ ಗುಟುಕು ಎಂಬ ಎಷ್ಟು ಚೆಂದದ ಪದ ಇದೆ. ಒಳಗೆ ಹೋಗುವುದನ್ನು ಅಷ್ಟು ಹತ್ತಿರದಿಂದ ನೋಡಿ ಹೆಸರಿಟ್ಟವರು ಹೊರಗೆ ಬೀಳುವುದಕ್ಕೂ ಇಟ್ಟಿರಬೇಕು. ಹುಣಿಸೆ ಮರದ ಪೊಟರೆಯ ಕೆಳಗೆ, ಹಳೇ ಗುಡಿಯ ಗೋಪುರದ ಕೆಳಗೆ ಇವು ಬಿದ್ದಿರುತ್ತವೆ. ಕಣಜ ಗೂಬೆ ಇರುವಲ್ಲಿ ಇದ್ದೇ ಇರುತ್ತವೆ. ದನ ಕಾಯಲು ಹೋದವರು, ಗುಡಿ ಗುಡಿಸುವವರು ನೋಡಿರುತ್ತಾರೆ. ಗೂಬೆ ಅಂದರೆ ಅಪಶಕುನ ಎಂದು ದೂರ ಇಟ್ಟದ್ದರಿಂದ ಪದವೂ ದೂರ ಉಳಿಯಿತೋ ಏನೋ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಬುಡುಬುಡಿಕೆಯವರ ಮಾತಿನಲ್ಲಿ, ಬೇಟೆಯವರ ಮಾತಿನಲ್ಲಿ ಏನಾದರೂ ಸಿಕ್ಕರೆ ನಾನು ಕಟ್ಟಿದ ಪದಕ್ಕಿಂತ ಅದೇ ಮೇಲು.

ಹಾಗೇ ಆ ಗಟ್ಟಿ ಚೀಲಕ್ಕೂ. ನಮ್ಮದು ಕೋಳಿ ತಿನ್ನದ ಮನೆ. ಕೋಳಿ ಕುಯ್ಯುವ ಮನೆಗಳಲ್ಲಿ, ಕಾಳು ಅರೆಯುವ ಆ ದಪ್ಪನೆಯ ಭಾಗವನ್ನು ಸೀಳಿ, ಒಳಗಿನ ಹಳದಿ ಪೊರೆ ಸುಲಿದು ಬೇಯಿಸುತ್ತಾರೆ. ಅದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ? ಪಠ್ಯಪುಸ್ತಕದ ಪದ ಬೇಡ, ಅಡುಗೆಮನೆಯ ಪದ ಹೇಳಿ.

ಪೆಟ್ಟಿಗೆಯ ಹೆಸರನ್ನು ನಾವೇ ತೀರ್ಮಾನಿಸಿಬಿಟ್ಟೆವು. ಹಕ್ಕಿ ಪೆಟ್ಟಿಗೆ ಅಂದರೆ ಗೂಡುಪೆಟ್ಟಿಗೆ ಅಂದುಕೊಳ್ಳುತ್ತಾರೆ. ಹಡಪ, ಸಂಚಿ ಎರಡೂ ಮನಸ್ಸಿಗೆ ಬಂದವು. ಒಂದೊಂದು ಸಾಮಾನಿಗೆ ಒಂದೊಂದು ಜಾಗ ಇರುವುದು ಅಜ್ಜಿಯ ಎಲೆಯಡಿಕೆ ಸಂಚಿಯಲ್ಲೇ. ಆದರೆ ಈ ಡಬ್ಬ ಎತ್ತೋಕೆ ಇಬ್ಬರು ಬೇಕು. ಇಲ್ಲಿಯವರೂ ಟ್ರಂಕ್ ಅನ್ನುತ್ತಾರೆ, ಹಾಸ್ಟೆಲ್‌ಗೆ ಹೋದ ನಮಗೆಲ್ಲ ಟ್ರಂಕು ಮನೆಯ ಪದವೇ. ಹಕ್ಕಿ ಟ್ರಂಕು ಎಂದು ಬರೆದು ಮುಚ್ಚಳದ ಒಳಗೆ ಅಂಟಿಸಿದೆ.

ಟ್ರಂಕು ಬರುವ ಶನಿವಾರ ವಾಪಸ್ ಹೋಗಬೇಕು. ಗುರುವಾರ ರಾತ್ರಿ ಚೀಟಿಗಳನ್ನು ಲ್ಯಾಮಿನೇಟ್ ಮಾಡಿಸುತ್ತೇನೆ. ಒಂದೊಂದು ಚೀಟಿಯಲ್ಲಿ ಎರಡು ಪದಕ್ಕಷ್ಟೇ ಜಾಗ. ಗರಿ, ಕೊಕ್ಕು, ತಲೆಬುರುಡೆ, ರೆಕ್ಕೆ ಬರೆದಾಗಿದೆ. ಹೊಸದಾಗಿ ಕೊಂಡ ಆರು ಉಂಡೆಗಳ ಮೇಲಿನ ಚೀಟಿ ಮಾತ್ರ ಖಾಲಿ ಇದೆ.