ಸಹಾಯ ಬೇಕು: ಮಲೆನಾಡಿನಲ್ಲಿ ಕೂಡಿ ಬಾಳುವ ಕೃಷಿ ಸಮುದಾಯ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಕುಟುಂಬಗಳವರು ಹೊಸನಗರದ ಕಡೆ ಅಡಿಕೆ ತೋಟ, ಗದ್ದೆ ಇರುವ ಜಮೀನು ಕೊಂಡು, ಒಂದೇ ಅಡುಗೆಮನೆಯಲ್ಲಿ ಉಂಡು, ಬೇಸಾಯ ಮಾಡಿ ಬದುಕಬೇಕೆಂದಿದ್ದೇವೆ. ಅದಕ್ಕೂ ಮೊದಲು ಇಂಥ ಸಮುದಾಯವೊಂದರಲ್ಲಿ ಮಳೆಗಾಲ ಪೂರ್ತಿ ಇದ್ದು ದುಡಿಯುವ ಆಸೆ. ಬೇಸಿಗೆಯಲ್ಲಿ ಬಂದು ಹೋದರೆ ಮಲೆನಾಡು ತಿಳಿಯುವುದಿಲ್ಲ. ಆಷಾಢದ ಜಡಿಮಳೆಯಲ್ಲಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವ ಒಂದು ಹೊಳವಿಗಾಗಿ ಕಾಯುವ ದಿನಗಳಲ್ಲಿ ಜೊತೆಗಿದ್ದವರ ಮನಸ್ಸು ಹೇಗಿರುತ್ತದೆ ಎಂಬುದನ್ನೇ ನೋಡಬೇಕು.

2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಆ ಚಿಂತೆಯಿಲ್ಲ. ಕಾಡುತ್ತಿರುವುದು ಪಾಲಿನ ಪ್ರಶ್ನೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು. ನಡುವೆ ಒಂದು ಕುಟುಂಬ ಹೊರಟುಹೋದರೆ ಅವರ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ? ಜಮೀನಿಗೆ ಎಲ್ಲರ ಹೆಸರಿನ ಜಂಟಿ ಖಾತೆ ಸಾಕೇ, ಪ್ರತ್ಯೇಕ ಒಪ್ಪಂದಪತ್ರ ಬೇಕೇ? ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ ಸರ್ಕಾರದ್ದು, ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕಷ್ಟೇ ತೋಟದವರದ್ದು. ಅದರ ಬಳಕೆಯನ್ನು ಹೇಗೆ ಹಂಚಿಕೊಂಡಿದ್ದೀರಿ?

ನಮ್ಮ ತಾಯಿಗೆ ವಯಸ್ಸಾಗಿದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ ಏನೇನು ಎಚ್ಚರಿಕೆ ವಹಿಸುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಹೀಗೆ ಬಾಳುತ್ತಿರುವವರು, ಬಾಳಿ ಬಿಟ್ಟವರು ಇಬ್ಬರೂ ಬರೆಯಿರಿ. ಬಿಟ್ಟವರ ಮಾತು ನಮಗೆ ಹೆಚ್ಚು ಬೇಕಾಗಿದೆ.