ಚಟುವಟಿಕೆ ಮಾಡಿಸಿದ್ರ ಹುಡುಗುರು ಖುಷಿ ಪಡ್ತಾರ, ಮರುದಿನ ಕೇಳಿದ್ರ ಏನೂ ಬರಂಗಿಲ್ಲ. ಏನ್ ಮಾಡ್ಬೇಕು?

ಸೇಡಂ_ಗಣಿತ_ಟೀಚರ್

ನಮಸ್ಕಾರ್ರಿ ಎಲ್ಲರಿಗೂ. ಸೇಡಂ ಕಡಿ ಒಂದ್ ಹಳ್ಳಿ ಸರ್ಕಾರಿ ಸಾಲ್ಯಾಗ ಎಂಟನೇತ್ತಾ, ಒಂಬತ್ತನೇತ್ತಾಕ ಗಣಿತ ವಿಜ್ಞಾನ ಎರಡೂ ತೊಗೋತೀನಿ. ಲ್ಯಾಬ್ ಅಂತ ಬೇರೆ ರೂಮ್ ಇಲ್ರಿ, ಒಂದ್ ಕಪಾಟಿನಾಗ ಸಾಮಾನು ಅವ ಅಷ್ಟೇ. ಟ್ರೇನಿಂಗ್‌ನಾಗ ಹೇಳ್ದಂಗ ಚಟುವಟಿಕೆ ಮಾಡಸ್ತೀನಿ, ಹುಡುಗುರು ಭಾಳ ಖುಷೀಲೆ ಮಾಡ್ತಾರ, ಅದರಾಗ ಎರಡು ಮಾತಿಲ್ಲ. ಆದ್ರ ಆ ಖುಷಿ ಪಿರಿಯಡ್ ಮುಗಿಯೂತನಾ ಮಾತ್ರ.

ಈಗ ನೋಡ್ರಿ, ತಟ್ಟ್ಯಾಗ ನೀರು ಹಾಕಿ ನಡುವ ಮೇಣದಬತ್ತಿ ಹಚ್ಚಿ ಮ್ಯಾಲ ಗ್ಲಾಸು ಡಬ್ಬ ಹಾಕೋ ಪ್ರಯೋಗ ಮಾಡಿಸಿದೆ. ಬತ್ತಿ ಆರಿ ನೀರು ಒಳಗ ಏರಿದ ಕೂಡ್ಲೇ ಎಲ್ಲರೂ ಚಪ್ಪಾಳಿ ಹೊಡದ್ರು. ಮರುದಿನ ನೀರು ಯಾಕ ಏರ್ತು ಅಂತ ಕೇಳಿದ್ರ "ಆಕ್ಸಿಜನ್ ಖಾಲಿ ಆಯ್ತು ಮೇಡಂ" ಅಂತ ಒಂದೇ ದನಿಲೆ ಹೇಳಿದ್ರು, ಖಾಲಿ ಆಯ್ತು ಅನ್ನೂದು ನಿಮಗ್ಹೆಂಗ್ ಗೊತ್ತು ಅಂದ್ರ ಎಲ್ಲರೂ ಸುಮ್ಮ. ಗಣಿತದಾಗೂ ಹಂಗೇ, ವೃತ್ತ ಕತ್ತರಿಸಿ 16 ತುಂಡು ಮಾಡಿ ಒಂದ್ ಮ್ಯಾಲ ಒಂದ್ ತೆಳಗ ಜೋಡಿಸಿ ಆಯತ ಮಾಡೂದು ಅದ ಅಲ್ರಿ, ಭಾಳ ಚಂದ ಅಂಟಿಸಿ ತಂದ್ರು, ಆದ್ರ ಪೈ ಆರ್ ಸ್ಕ್ವೇರ್ ಎಲ್ಲಿಂದ ಬಂತು ಅಂದ್ರ ಯಾರಿಗೂ ಹೇಳ್ಲಾಕ ಬರಲಿಲ್ಲ.

ಪಿರಿಯಡ್ 40 ನಿಮಿಷ, ಪೋರ್ಷನ್ ಮುಗಸ್ಬೇಕು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನಮ್ಮ ಕಡಿ ಜಿಲ್ಲಾಗಳು ಲಿಸ್ಟಿನ ತಳದಾಗ ಇದ್ರ ಎಲ್ಲರೂ ನಮ್ಮನ್ನೇ ಕೇಳ್ತಾರ. ಇದಕ್ಕಿಂತ ಬೋರ್ಡ್ ಮ್ಯಾಲ ಲೆಕ್ಕ ಬಿಡಸೂದೇ ಛಲೋ ಏನು? ಅನುಭವ ಇದ್ದವರು ಹೇಳ್ರಿ.

ಬೀದರ್_ಸೈನ್ಸ್_ಸರ್

ಚಟುವಟಿಕೆ ಬಿಡಬ್ಯಾಡ್ರಿ ಮೇಡಂ. ಆದ್ರ ಸಾಮಾನಿಗೆ ಕೈ ಹಚ್ಚೂಕಿಂತ ಮೊದಲು ಪ್ರತಿಯೊಬ್ಬರೂ ಏನಾಗ್ತದ ಅಂತ ಅಂದಾಜು ಬರೀಬೇಕು, ಯಾಕ ಹಂಗ ಅಂತ ಒಂದ್ ಸಾಲೂ ಬರೀಬೇಕು. ನಾನು ಇದೊಂದು ಮಾತು ಯಾವ ಕಾರಣಕ್ಕೂ ಬಿಡಂಗಿಲ್ಲ. ಬರೀದೇ ನೋಡಿದ್ರ ಅದು ಅವರಿಗೆ ಜಾತ್ರ್ಯಾಗಿನ ಆಟ ಇದ್ದಂಗ, ಕಣ್ಣು ಅರಳ್ತಾವ, ತಲಿ ಕೆಲಸ ಮಾಡಂಗಿಲ್ಲ. ಬರದ ಮ್ಯಾಲ ತನ್ನ ಮಾತು ಖರೆ ಆಗ್ತದೋ ಇಲ್ಲೋ ಅಂತ ಒಂದ್ ಕಾತರ ಇರ್ತದ, ತಪ್ಪಾದ್ರ ಯಾಕ ತಪ್ತು ಅಂತ ಅವರೇ ಕೇಳ್ತಾರ.

ನಿಮ್ಮ ಮೇಣದಬತ್ತಿನೇ ತೊಗೊಳ್ರಿ. ಇದು ಭಾಳ ಛಲೋ ಪ್ರಯೋಗ, ಆದ್ರ ಬಹಳ ಕಡಿ ತಪ್ಪು ಕಾರಣ ಹೇಳಿ ಮುಗಸ್ತಾರ. ಗಾಳ್ಯಾಗ ಆಕ್ಸಿಜನ್ ಸುಮಾರು 21 ಪರ್ಸೆಂಟ್, ಅದು ಉರದು ಹೋಯ್ತು, ಅದರ ಜಾಗಕ್ಕ ಐದ್ರಾಗ ಒಂದು ಪಾಲು ನೀರು ಬಂತು ಅಂತಾರ. ಹಂಗಿದ್ರ ಬತ್ತಿ ಉರಿವಾಗಿಂದೇ ನೀರು ಮೆಲ್ಲಕ ಏರ್ಬೇಕಿತ್ತಲ್ರಿ? ಕುಂಕುಮ ಹಾಕಿದ ನೀರಿಟ್ಟು ಹತ್ರ ಕೂಡ್ಸಿ ತೋರಿಸ್ರಿ, ಹೆಚ್ಚಿನ ನೀರು ಏರೂದು ಬತ್ತಿ ಆರಿದ ಮ್ಯಾಲ, ಒಮ್ಮಿಗೇ. ಇನ್ನ ಮೂರು ಬತ್ತಿ ಹಚ್ಚಿದ್ರ ನೀರು ಅಷ್ಟೇ ಏರ್ತದೋ ಜಾಸ್ತಿ ಏರ್ತದೋ ಅಂತ ಬರಸ್ರಿ. ಗ್ಲಾಸು ಅದೇ, ಒಳಗಿನ ಆಕ್ಸಿಜನ್ ಅಷ್ಟೇ, ಆದ್ರೂ ನೀರು ಜಾಸ್ತಿ ಏರ್ತದ. ಅಲ್ಲಿ ನೋಡ್ರಿ ಕ್ಲಾಸಿನಾಗ ಜಗಳ ಶುರು ಆಗೂದು, ನಮಗ ಬೇಕಾಗಿದ್ದು ಆ ಜಗಳೇ. ಬತ್ತಿ ಬಿಸಿಗೆ ಗಾಳಿ ಹಿಗ್ತದ, ಸ್ವಲ್ಪ ಅಂಚಿನ ಕೆಳಗಿಂದ ಗುಳ್ಳಿ ಆಗಿ ಹೊರಗ ಹೋಗ್ತದ (ಗುಳ್ಳಿ ಯಾರು ನೋಡಿದ್ರಿ ಅಂತ ಕೇಳ್ರಿ, ಮುಂದ ಕೂತವ್ರು ಒಬ್ಬರಿಬ್ಬರು ಕೈ ಎತ್ತೇ ಎತ್ತಾರ), ಆರಿದ ಮ್ಯಾಲ ಉಳದ ಗಾಳಿ ತಣ್ಣಗಾಗಿ ಕುಗ್ತದ, ಆಗ ಹೊರಗಿನ ಗಾಳಿ ಒತ್ತಡ ನೀರನ್ನ ಒಳಗ ದಬ್ತದ. ಆಕ್ಸಿಜನ್ ಪೂರ್ತಿ ಖಾಲಿ ಆಗಂಗೂ ಇಲ್ಲ, ಅದಕ್ಕಿಂತ ಮೊದಲೇ ಬತ್ತಿ ಆರ್ತದ.

ಶಹಾಪುರ_ಮಾಸ್ತರ್

ಬೀದರ್ ಸರ್ ಹೇಳಿದ್ದು ಗಣಿತಕ್ಕೂ ಹಂಗೇ ಬರ್ತದ. ನಮ್ಮ ಯಾದಗಿರಿ ಕಡಿ ಹುಡುಗುರಿಗೆ ದಶಮಾಂಶ ಅಂದ್ರ ಗೊಂದಲ, 0.25 ದೊಡ್ಡದೋ 0.4 ದೊಡ್ಡದೋ ಅಂದ್ರ ಅರ್ಧ ಕ್ಲಾಸು 0.25 ಅಂತದ, ಯಾಕಂದ್ರ 25 ದೊಡ್ಡದು 4 ಸಣ್ಣದು. ನಾನು ಪಹಣಿಯಿಂದ ಶುರು ಮಾಡ್ತೀನಿ. ಪಹಣ್ಯಾಗ 2-25 ಅಂತ ಇದ್ರ 2 ಎಕರೆ 25 ಗುಂಟೆ, ಇದು ಮನ್ಯಾಗ ಕೇಳಿದ ಮಾತೇ. ಅಪ್ಪನ ಹೊಲ 2-25, ಕಾಕಾನ ಹೊಲ 1-30, ಕೂಡಿದ್ರ ಎಷ್ಟು, ಅಂದಾಜು ಬರೀರಿ ಅಂತೀನಿ. ಹೆಚ್ಚಿನವ್ರು 3-55 ಬರೀತಾರ. ಹಿಂದಿನ ಬೆಂಚಿನಾಗ ಸುಮ್ಮ ಕೂಡೋ, ಹೊಲದಾಗ ದುಡದ ಹುಡುಗ ಎದ್ದು "40 ಗುಂಟಿಗೆ ಎಕರೆ ಆಗ್ತದ ಸರ್, 4 ಎಕರೆ 15 ಗುಂಟೆ" ಅಂತಾನ. ಅವತ್ತು ಅವನೇ ಮಾಸ್ತರ.

ಆಮ್ಯಾಲ ಮುಂದಿನ ಪ್ರಶ್ನಿ, 2 ಎಕರೆ 25 ಗುಂಟೆ ಅಂದ್ರ ಕ್ಯಾಲ್ಕುಲೇಟರ್‌ನಾಗ 2.25 ಒತ್ತಬೇಕೋ? 40ಕ್ಕ 25 ಅಂದ್ರ 0.625, ಹಂಗಾಗಿ 2.625 ಎಕರೆ. 1-30 ಅಂದ್ರ 1.75. ಕೂಡಿದ್ರ 4.375, ಆ 0.375ನ 40ಲೆ ಗುಣಿಸಿದ್ರ 15 ಗುಂಟೆ ಬರ್ತದ, ಎರಡೂ ದಾರಿ ಒಂದೇ ಊರಿಗೆ ಬರೂದು ಕಂಡಾಗ ಮಕ್ಕಳ ಮಾರಿ ನೋಡ್ಬೇಕ್ರಿ. ಚುಕ್ಕಿ ಆದ ಮ್ಯಾಲ ಹತ್ತರ ಲೆಕ್ಕ, ಗುಂಟೆಗೆ ನಲವತ್ತರ ಲೆಕ್ಕ ಅನ್ನೂದು ಆಗ ಗಟ್ಟಿ ಕೂಡ್ತದ.

ಕ್ಷೇತ್ರಫಲಕ್ಕ ಹಗ್ಗ ತೊಗೊಂಡು ಗ್ರೌಂಡಿಗೆ ಹೋಗ್ರಿ. 33 ಫೂಟ್ ಉದ್ದ 33 ಫೂಟ್ ಅಗಲ ಒಂದ್ ಗುಂಟೆ, ಅಂದ್ರ 1089 ಚದರ ಫೂಟ್, ಅಂಥವು 40 ಆದ್ರ 43,560, ಅದೇ ಎಕರೆ. ಸುಣ್ಣದ ಗೆರಿ ಹೊಡದು ನಾಕೂ ಬಾಜೂ ಡಬಲ್ ಮಾಡಿದ್ರ ಎಷ್ಟು ಗುಂಟೆ ಅಂತ ಮೊದಲು ಬರಸ್ರಿ. ಎರಡು ಅಂತಾರ, ಹೊಡದು ನೋಡಿದ್ರ ನಾಕು.

ಸೇಡಂ_ಗಣಿತ_ಟೀಚರ್

ಭಾಳ ಉಪಕಾರ್ರಿ ಇಬ್ಬರಿಗೂ. ಮೂರು ಬತ್ತಿ ಪ್ರಯೋಗ ಮಾಡೇ ಮಾಡ್ತೀನಿ. ಆದ್ರ ಒಂದ್ ಸಮಸ್ಯೆ ಅದ, ನನ್ನ ಕ್ಲಾಸಿನಾಗ ತಾಂಡಾದ ಮಕ್ಕಳು ಅದಾರ ಮನ್ಯಾಗ ಲಂಬಾಣಿ, ಇನ್ನ ಕೆಲವರ ಮನ್ಯಾಗ ಉರ್ದು, ತೆಲುಗು. ಸುಗ್ಗಿ ಮುಗದ ಮ್ಯಾಲ ಕೆಲವರು ತಂದಿ ತಾಯಿ ಕೂಡ ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ಬರ್ತಾರ. ಯಾಕ ಅಂತ ಬರೀರಿ ಅಂದ್ರ ಅವರಿಗೆ ಬರೀಲಾಕ ಬರಂಗಿಲ್ಲ, ಪಕ್ಕದವ್ರದ್ದು ನೋಡಿ ಬರೀತಾರ. ವೃತ್ತದ್ದು ಯಾರೂ ಹೇಳಲಿಲ್ಲ, ಅದನ್ನೂ ಹೇಳ್ರಿ.

ವಾಡಿ_ಮ್ಯಾಥ್ಸ್

ಅಕ್ಕಾರ, ಆ ಮಕ್ಕಳಿಗೆ ಬರಸೂದೇ ಬ್ಯಾಡ್ರಿ, ಚಿತ್ರ ತೆಗೀಲಿ, ಇಲ್ಲಾ ಮೂರು ಉತ್ತರ ಕೊಟ್ಟು ಒಂದಕ್ಕ ಬೆರಳು ಎತ್ತಲಿ, ಕಣ್ಣು ಮುಚ್ಚಿ ಎತ್ತಿಸಿದ್ರ ನಕಲು ಆಗಂಗಿಲ್ಲ. ಆಮ್ಯಾಲ ಒಂದೇ ಉತ್ತರ ಹೇಳಿದವ್ರನ್ನ ಒಂದ್ ಕಡಿ ಕೂಡ್ಸಿ ತಮ್ಮ ತಮ್ಮ ಭಾಷ್ಯಾಗ ಮಾತಾಡ್ಲಾಕ ಬಿಡ್ರಿ, ಲಂಬಾಣ್ಯಾಗ ಯೋಚನಿ ಮಾಡಿದ್ರೂ ಗಣಿತ ಗಣಿತೇ. ಹೇಳೂದಕ್ಕ ಒಬ್ಬರು ಕನ್ನಡದಾಗ ಹೇಳಿದ್ರ ಸಾಕು.

ವೃತ್ತಕ್ಕ ನಾನು ಒಂದ್ ಸಣ್ಣ ಕೆಲಸ ಮಾಡ್ತೀನಿ, ಕತ್ತರಿಸೂಕಿಂತ ಮೊದಲು ವೃತ್ತದ ಅಂಚಿಗೆ ಸುತ್ತಲೂ ಕೆಂಪು ಸ್ಕೆಚ್ ಪೆನ್ನಿಲೆ ದಪ್ಪ ಗೆರಿ ಹೊಡಸ್ತೀನಿ. ತುಂಡು ಜೋಡಿಸಿದ ಮ್ಯಾಲ ಈ ಕೆಂಪು ಎಲ್ಲೆಲ್ಲಿ ಬರ್ತದ ಅಂತ ಕೇಳ್ತೀನಿ. ಜೋಡಿಸಿ ನೋಡಿದ್ರ ಅರ್ಧ ಕೆಂಪು ಮ್ಯಾಲ, ಅರ್ಧ ತೆಳಗ, ಬಾಜೂಕ ಇಲ್ಲೇ ಇಲ್ಲ! ಪೂರಾ ಸುತ್ತಳತೆ ಎರಡು ಪೈ ಆರ್, ಅದರ ಅರ್ಧ ಪೈ ಆರ್, ಅದು ಉದ್ದ. ಬಾಜೂದು ತ್ರಿಜ್ಯ ಆರ್, ಅದು ಅಗಲ. ಉದ್ದ ಇಂಟು ಅಗಲ ಅವರೇ ಮಾಡ್ತಾರ. ಬಣ್ಣ ಹಚ್ಚದೇ ಇದ್ರ ಅವರ ಕಣ್ಣಿಗೆ ಅದು ಬರೇ ಹಲ್ಲುಹಲ್ಲಾದ ಕಾಗದ. ಅಂಚು ಡೊಂಕು ಅದಲ್ಲಾ, ಆಯತ ಹೆಂಗಾಗ್ತದ ಅಂತ ಯಾರಾದ್ರೂ ಕೇಳಿದ್ರ ಅವರನ್ನ ಮೆಚ್ಚಿ 16ರ ಬದಲಿ 32 ತುಂಡು ಮಾಡಿದ್ರ ಏನಾಗ್ತದ ಅಂತ ಅವರಿಗೇ ಕೇಳ್ರಿ.

ಇನ್ನೊಂದು, ನಿಮ್ಮ ಸಾಲಿ ವರಾಂಡಾಕ ಶಹಾಬಾದ್ ಫರ್ಸಿ ಹಾಸ್ಯಾರೇನು? ಚೌಕ ಫರ್ಸಿ ಇದ್ರ ಅದೇ ಗ್ರಾಫ್ ಶೀಟು. ಚಾಕಿಲೆ ಎಕ್ಸ್ ಅಕ್ಷ ವೈ ಅಕ್ಷ ಹೊಡೀರಿ. ವೈ ಅಂದ್ರ ಎಕ್ಸಿನ ಎರಡು ಪಟ್ಟಿಗೆ ಒಂದು ಕೂಡ್ಸಿದ್ದು ಅಂತ ಹೇಳಿ ಸೊನ್ನಿ, ಒಂದು, ಎರಡು, ಮೂರರ ಮ್ಯಾಲ ನಾಕು ಮಂದಿ ನಿಲ್ಸ್ರಿ, 1, 3, 5, 7ನೇ ಗೆರಿಗೆ ಬರ್ತಾರ. ನಿಲ್ಲೂಕಿಂತ ಮೊದಲು ಸಾಲು ನೆಟ್ಟಗ ಬರ್ತದೋ ಡೊಂಕೋ ಅಂತ ಉಳದವ್ರು ಹೇಳಬೇಕು. ಒಬ್ಬ 6ನೇ ಗೆರಿ ಮ್ಯಾಲ ನಿಂತ್ರ ಇಡೀ ಕ್ಲಾಸು "ಏ ಮುಂದ ಸರಿ" ಅಂತದ, ನಾವು ತಿದ್ದೂದೇ ಬ್ಯಾಡ.

ನಿವೃತ್ತ_ಶಿಕ್ಷಕ_ಕಲಬುರಗಿ

ಅದೇ ಫರ್ಸಿ ಒಡದ ತುಂಡು ರಸಾಯನಶಾಸ್ತ್ರಕ್ಕೂ ಬರ್ತದ ನೋಡವ್ವ. ಅದು ಸುಣ್ಣದಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಪುಡಿ ಮಾಡಿ ಲಿಂಬಿಹಣ್ಣಿನ ರಸ ಹಾಕಿದ್ರ ನೊರಿ ಬರ್ತದ, ಮನಿ ತೊಳಿಯೂ ಆಸಿಡ್ ಮಕ್ಕಳ ಕೈಗೆ ಕೊಡಬ್ಯಾಡ. ಎಲಿ ಅಡಿಕಿ ಸುಣ್ಣ ನೀರಾಗ ಕಲಸಿ ರಾತ್ರಿಯೆಲ್ಲ ಬಿಟ್ರ ಮ್ಯಾಲಿನ ತಿಳಿನೀರೇ ಸುಣ್ಣದ ತಿಳಿ, ಸ್ಟ್ರಾ ಇಟ್ಟು ಮೆಲ್ಲಕ ಊದಿದ್ರ ಹಾಲಿನಂಗ ಬೆಳ್ಳಗಾಗ್ತದ, ಹೀರಬಾರದು ಅಂತ ಮೊದಲೇ ಹೇಳಿಬಿಡು. ಸಿಮೆಂಟ್ ಫ್ಯಾಕ್ಟರಿಗಳು ನಿಮ್ಮ ಸೇಡಂ, ವಾಡಿ ಸುತ್ತ ಯಾಕ ಬಂದಾವ ಅಂತ ಆಮ್ಯಾಲ ಕೇಳು, ಉತ್ತರ ಅವರ ಕೈಯಾಗಿನ ಕಲ್ಲಿನಾಗೇ ಅದ.

ಮತ್ತ ನಿಮ್ಮ ತಾಲೂಕಿನಾಗೇ ಮಳಖೇಡ ಅದ, ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲಕ್ಕ, ಸುಮಾರು 850ರಾಗ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರದ. ಮ್ಯಾಲ 1 ಇರೋ ಬೇರೆ ಬೇರೆ ಭಿನ್ನರಾಶಿ ಕೂಡ್ಸಿ 1 ಮಾಡೂ ನಿಯಮ ಅದರಾಗ ಅದ. ಮಕ್ಕಳಿಗೆ ಅಷ್ಟೇ ಹೇಳು, ಎರಡನೇ ಒಂದಂಶ, ಮೂರನೇ ಒಂದಂಶ ತೊಗೊಂಡು ಇನ್ನೆರಡು ಅಂಥವೇ ಹುಡುಕಿ 1 ಮಾಡ್ರಿ ಅಂತ. 1/2, 1/3, 1/9, 1/18 ಸಿಗ್ತಾವ, ಬೇರೆ ಜೋಡಿನೂ ಸಿಗ್ತಾವ, ಹುಡುಕ್ತಾ ಹುಡುಕ್ತಾ ಲಸಾಅ ನೂರು ಸಲ ಮಾಡಿರ್ತಾರ.

ಸೇಡಂ_ಗಣಿತ_ಟೀಚರ್

ಗುರುಗಳ, ನಮಸ್ಕಾರ್ರಿ. ಮಳಖೇಡದಿಂದ ಬರೋ ಮಕ್ಕಳೇ ನನ್ನ ಕ್ಲಾಸಿನಾಗ ಅದಾರ, ಅವರಿಗೇ ಮೊದಲು ಹೇಳ್ತೀನಿ. ಬೀದರ್ ಸರ್, ಅಂದಾಜು ಬರೀಲಾಕ ಬೇರೆ ವಹಿ ಮಾಡಸ್ಲೋ, ನೋಟ್ಸಿನಾಗೇ ಬರಸ್ಲೋ? 40 ನಿಮಿಷದಾಗ ಇದಕ್ಕ ಎಷ್ಟು ಕೊಡ್ಬೇಕು?

ಬೀದರ್_ಸೈನ್ಸ್_ಸರ್

ನೋಟ್ಸಿನ ಹಿಂದಿನ ಪುಟ ಸಾಕ್ರಿ. ಅಂದಾಜಿಗೆ ಐದು ನಿಮಿಷ, ಪ್ರಯೋಗಕ್ಕ ಹದಿನೈದು, ಉಳದದ್ದೆಲ್ಲ ಯಾಕ ಅನ್ನೂದಕ್ಕ, ಆ ಕೊನೀ ಭಾಗ ಮಾತ್ರ ಕಡಿಮಿ ಮಾಡಬ್ಯಾಡ್ರಿ. ಎಲ್ಲಾ ಪಾಠಕ್ಕೂ ಬ್ಯಾಡ, ವಾರಕ್ಕ ಒಂದ್ ಮಾಡಿಸಿದ್ರ ಸಾಕು, ಪೋರ್ಷನ್ನೂ ಮುಗೀತದ. ಅಂದಾಜಿಗೆ ಮಾರ್ಕ್ಸ್ ಹಾಕಬ್ಯಾಡ್ರಿ, ಹಾಕಿದ್ರ ನಿಮ್ಮ ಮಾರಿ ನೋಡಿ ಬರೀತಾರ. ಮತ್ತ ಪೆನ್ನಿಲೆ ಬರಸ್ರಿ ಮೇಡಂ, ಪೆನ್ಸಿಲ್ ಕೊಟ್ರ ನೀರು ಏರಿದ ಮ್ಯಾಲ ಒರಸಿ ತಿದ್ದಿಬಿಡ್ತಾರ.