ಪದಚರ್ಚೆ: ಸೆಲ್ಲಾರ್ ಸುತ್ತಲಿನ ಕಾಲುವೆಗೆ ಬಸಿಗಾಲುವೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ಕಟ್ಟಿಸುವವರಿಗೆ ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ನೆಲದಡಿಯ ಕೋಣೆಗೆ ನೀರು ಬರದ ಹಾಗೆ ಏನು ಮಾಡಿಸಬೇಕು ಅನ್ನೋದು ವಿಷಯ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಕೋಣೆಗೆ ಬರಹದಲ್ಲಿ ನೆಲಮಾಳಿಗೆ ಇದೆ. ಬೇಸ್‌ಮೆಂಟ್ ಅಂದರೆ ನಮ್ಮ ಮೇಸ್ತ್ರಿಗಳಿಗೆ ಪಾಯದ ಮೇಲೆ ಮನೆಯ ನೆಲದ ಮಟ್ಟದವರೆಗೆ ಏರಿಸುವ ಕಟ್ಟಡ, 'ಬೇಸ್‌ಮೆಂಟ್ ಎಷ್ಟು ಅಡಿ ಏರಿಸೋಣ' ಅಂತಲೇ ಕೇಳುತ್ತಾರೆ. ಹಾಗಾಗಿ ನೆಲಮಾಳಿಗೆ ಅಂತ ಒಮ್ಮೆ ಬರೆದು ಮುಂದೆ ಸೆಲ್ಲಾರ್ ಅಂತಲೇ ಇಟ್ಟುಕೊಂಡಿದ್ದೇನೆ.

ಕಷ್ಟ ಇರೋದು ನೀರಿನ ಪದಗಳಲ್ಲಿ. ಎಲ್ಲದಕ್ಕೂ ಲೀಕೇಜ್ ಅಂದುಬಿಟ್ಟರೆ ಯಾವ ನೀರು ಅಂತ ತಿಳಿಯಲ್ಲ, ನೀರು ಯಾವುದು ಅಂತ ತಿಳಿಯದೆ ವ್ಯವಸ್ಥೆ ಆರಿಸೋಕೂ ಆಗಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಸೆಲ್ಲಾರ್ ನೋಡೋಕೆ ಬಂದ ಮೇಸ್ತ್ರಿ, ಗೋಡೆ ನೆಲ ಸೇರುವ ಸಂದಿನ ಉದ್ದಕ್ಕೂ ಬೆರಳು ಎಳೆದು, ಕೆಸರು ಹತ್ತಿದ ಬೆರಳನ್ನ ತೋರಿಸಿ, 'ಇದು ಸೋರೋದಲ್ಲ ಸರ್, ಜಿನುಗೋದು. ಒಳಗಡೆ ಎಷ್ಟು ಸಿಮೆಂಟ್ ಬಳಿದರೂ ನಿಲ್ಲಲ್ಲ' ಅಂದರು. ಆ ಒಂದು ಮಾತಲ್ಲಿ ಎಲ್ಲ ಇದೆ. ಸೋರುವುದು ಪೈಪಿನಿಂದಲೋ ತಾರಸಿಯಿಂದಲೋ. ಜಿನುಗುವುದು ಹೊರಗಿನ ಮಣ್ಣಲ್ಲಿ ನಿಂತ ನೀರು ಒತ್ತಿಕೊಂಡು ಒಳಗೆ ಬರೋದು. ಬೆವರುವುದು ಇವೆರಡೂ ಅಲ್ಲ, ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆ ಮೇಲೆ ಹನಿಯಾಗೋದು. ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಇದ್ದರೆ ಜಿನುಗು, ಮುಂದೆ ಇದ್ದರೆ ಬೆವರು. ಬೆವರಿಗೆ ಕಾಲುವೆ ತೋಡಿಸಿದರೆ ದುಡ್ಡು ದಂಡ.

ಎರೆಮಣ್ಣು ನೀರು ಕುಡಿದರೆ ಉಬ್ಬಿ ಗೋಡೆಯನ್ನ ಒತ್ತುತ್ತದೆ, ನೀರನ್ನ ಬೇಗ ಬಿಟ್ಟುಕೊಡಲ್ಲ. ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆಗಳು ತುಂಬಿದಾಗ ಮಳೆ ಇಲ್ಲದಿದ್ದರೂ ಪಕ್ಕದ ತಗ್ಗಿನಲ್ಲಿ ಜಲ ಏಳುತ್ತದೆ. ಅಂಥ ಕಡೆ, ತಾರಸಿ ನೀರನ್ನ ಗೋಡೆಯಿಂದ ದೂರ ಸಾಗಿಸಿದ ಮೇಲೂ ಜಿನುಗಿದರೆ, ಗೋಡೆಯ ಹೊರಗೆ ಸುತ್ತಲೂ ಕಾಲುವೆ ಬೇಕು. ಅದು ಸೆಲ್ಲಾರ್ ನೆಲಕ್ಕಿಂತ ಕೆಳಗಿರಬೇಕು, ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ಒಳಗೆ ತೂತಿನ ಪೈಪು, ತೂತು ಕೆಳಮುಖವಾಗಿ, ಸುತ್ತ ಜಲ್ಲಿ, 100 ಅಡಿಗೆ 1 ಅಡಿ ಇಳಿಜಾರು. ಜಲ್ಲಿಗೆ ಸೋಸುವ ಬಟ್ಟೆ ಸುತ್ತದಿದ್ದರೆ ಮಣ್ಣು ನುಗ್ಗಿ ಕಟ್ಟಿಕೊಳ್ಳುತ್ತದೆ.

ಇದಕ್ಕೆ ಫ್ರೆಂಚ್ ಡ್ರೈನ್ ಅನ್ನುತ್ತಾರೆ. ಫ್ರಾನ್ಸ್ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅನ್ನುವವರು 1859ರಲ್ಲಿ ಹೊಲದ ನೀರು ಬಸಿಯುವ ಬಗ್ಗೆ ಪುಸ್ತಕ ಬರೆದರು, ಅವರ ಹೆಸರೇ ಇದಕ್ಕೆ ಉಳಿಯಿತು. ಅಂದರೆ ಹೊಲದಿಂದಲೇ ಮನೆಗೆ ಬಂದ ಕಾಲುವೆ ಇದು. ನಮ್ಮ ರೈತರು ಜವಳು ಹಿಡಿದ ಜಮೀನಿಗೆ ತೋಡುವ ಬಸಿಗಾಲುವೆ ಕೂಡ ಇದೇ ಕೆಲಸ ಮಾಡುತ್ತದೆ ಅಲ್ವಾ? ಚರಂಡಿ ಅಂದರೆ ಓದುವವರ ಕಣ್ಣಿಗೆ ಬೀದಿಯ ಕೊಳಚೆ ಬರುತ್ತದೆ. ನನಗೆ ಬಸಿಗಾಲುವೆಯೇ ಬೇಕು ಅನಿಸಿದೆ.

ಕಟ್ಟಿ ಮುಗಿದ ಮನೆಯಲ್ಲಿ ಹೊರಗೆ ಅಷ್ಟು ಆಳ ಅಗೆಯೋದು ಕಷ್ಟ. ಒಳಗೇ ನೆಲದ ಅಂಚು ಒಡೆದು ಪೈಪು ಹಾಕಿ, ಗುಂಡಿಗೆ ತಂದು ಪಂಪಿನಿಂದ ಎತ್ತಬೇಕು. ಇವೆರಡಕ್ಕೆ ಹೊರಬಸಿ, ಒಳಬಸಿ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಆ ಗುಂಡಿಯ ಹೆಸರೇ ದೊಡ್ಡ ತಲೆನೋವು. ಇಂಗ್ಲಿಷಿನಲ್ಲಿ ಸಂಪ್. ನಮ್ಮ ಮನೆಗಳಲ್ಲಿ ಸಂಪ್ ಅಂದರೆ ನಲ್ಲಿ ನೀರು ತುಂಬಿಸುವ ತೊಟ್ಟಿ! 'ಜಿನುಗಿದ ನೀರನ್ನು ಸಂಪಿಗೆ ಬಿಡಿ' ಅಂತ ಅಚ್ಚಾದರೆ ಯಾರಾದರೂ ಹಾಗೇ ಮಾಡಿಯಾರು. ಇಂಗುಗುಂಡಿಯೂ ಆಗಲ್ಲ, ಅದು ನೀರನ್ನ ಭೂಮಿಗೆ ಇಳಿಸುವಂಥದ್ದು. ಗೋಡೆ ಪಕ್ಕ ಇಂಗಿಸಿದರೆ ಅದೇ ನೀರು ಮತ್ತೆ ಒಳಗೆ ಬರುತ್ತದೆ. ಬಸಿಗುಂಡಿ ಅಂದರೆ ಹೇಗೆ?

ಚನ್ನಗಿರಿ, ಹರಿಹರದ ಕಡೆಯವರು ದಯವಿಟ್ಟು ತಿಳಿಸಿ: ತೋಟ ಗದ್ದೆಗಳಲ್ಲಿ ಬಸಿದ ನೀರು ಬಂದು ನಿಲ್ಲುವ ಗುಂಡಿಗೆ ಏನಂತೀರಿ? ಚಿತ್ರದುರ್ಗದ ಕಡೆ ಗೋಡೆಯಲ್ಲಿ ಬರುವ ನೀರಿಗೆ ಜಿನುಗು ಅನ್ನುತ್ತೀರೋ, ಒಸರು ಅನ್ನುತ್ತೀರೋ?